ಬೇವಿನ ಬುಡದಲ್ಲಿ ಮಲಗಿದ್ದ ಆಮೆ

ಹೊಸದಾಗಿ ಅಗೆದ ಮಣ್ಣಿನ ವಾಸನೆ ಬಡಿದರೆ ಈಗಲೂ ನನ್ನ ಬಾಯಿ ಒಣಗುತ್ತದೆ.

ಸುರಪುರದ ನಮ್ಮ ಹಿತ್ತಲಲ್ಲಿ ನಾನೊಂದು ಆಮೆಮರಿ ಸಾಕಿದ್ದೆ. ಮಳೆಗಾಲದಲ್ಲಿ ಸೊಪ್ಪು ಮೆಲ್ಲುತ್ತ ಓಡಾಡಿತು. ಚಳಿಯಲ್ಲಿ ಒಲೆಯ ಪಕ್ಕದ ಗೋಣಿಚೀಲದೊಳಗೆ ಮಲಗಿತು. ಬೇಸಿಗೆ ಬಂದಾಗ, ಬೇವಿನ ಬುಡದಲ್ಲಿ ಅಜ್ಜಿ ಸಡಿಲ ಮಾಡಿಟ್ಟ ಮಣ್ಣಿನೊಳಗೆ ಹೊಕ್ಕಿದ್ದು ಮೇಲೆ ಬರಲೇ ಇಲ್ಲ.

"ಸತ್ತಿಲ್ಲ, ಮಳಿ ಬಂದ್ರ ಏಳ್ತದ. ಕೆದರಬ್ಯಾಡ," ಎಂದಳು ಅಜ್ಜಿ.

ನನಗೆ ತಡೆಯಲಾಗಲಿಲ್ಲ. ದಿನವೂ ಕದ್ದು ಕೆದರಿ, ಕಾಲು ಮುಟ್ಟಿ ನೋಡಿ, ಮತ್ತೆ ಮುಚ್ಚುತ್ತಿದ್ದೆ.

ಅದು ನಿಜಾಮನ ಆಳ್ವಿಕೆಯ ಕೊನೆಯ ಬೇಸಿಗೆ. ಒಂದು ಮಧ್ಯಾಹ್ನ ನಿಜಾಮನ ಕಡೆಯ ಇಬ್ಬರು ಬಂದೂಕು ಹಿಡಿದು ಮನೆ ಜಾಲಾಡಲು ಬಂದರು. ಹಿತ್ತಲಲ್ಲಿ ನಾನು ಕೆದರಿದ ಮಣ್ಣು ಕಂಡು ಒಬ್ಬ ನಿಂತ.

"ಏನು ಹೂಳೀದಿ, ಮುದುಕಿ?"

"ನಮ್ಮ ಹುಡುಗಿ ಸಾಕಿದ ಆಮಿ ಮಲಗ್ಯದರಿ."

ಅವನು ನಂಬದೆ ಸಲಿಕೆ ಹಾಕಿದ. ಟಕ್ ಎಂದಿತು. ಅಜ್ಜಿಯ ಬೆರಳು ನನ್ನ ಭುಜದೊಳಗೆ ಇಳಿದವು. ಮಣ್ಣಿನಿಂದ ಎದ್ದದ್ದು ಆಮೆಯೇ; ಚಿಪ್ಪಿನ ಅಂಚು ಒಡೆದಿತ್ತು. ಇನ್ನೊಬ್ಬ ಗಹಗಹಿಸಿ ನಕ್ಕ. ಅಗೆದವನು ನಾಚಿ, ಸಲಿಕೆ ಎಸೆದು ಹೊರಟ. ಅಜ್ಜಿ ಆಮೆಯನ್ನು ಅಲ್ಲೇ ಮಲಗಿಸಿ ಮಣ್ಣು ಮುಚ್ಚಿದಳು.

ಮಳೆಗೆ ಆಮೆ ತಾನಾಗಿ ಎದ್ದು ಬಂತು. ಊರಿನ ಗಲಾಟೆಯೆಲ್ಲ ತಣ್ಣಗಾದ ಮೇಲೆ ಅಜ್ಜಿ ಅದೇ ಕುಳಿಯನ್ನು ಇನ್ನೊಂದು ಮೊಳ ಅಗೆದು, ನಮ್ಮವ್ವನ ಚಿನ್ನದ ಗುಂಡಿನ ಬೋರಮಾಳ ಸರ ಕಟ್ಟಿದ್ದ ಗಂಟು ಹೊರತೆಗೆದಳು. ಅದನ್ನು ಬಿಚ್ಚಲಿಲ್ಲ. ಮೊದಲು ಆಮೆಯನ್ನು ಮಡಿಲಿಗೆ ಎತ್ತಿಕೊಂಡು, ಒಡೆದ ಅಂಚಿಗೆ ಎಣ್ಣೆ ಸವರುತ್ತ, "ತಪ್ಪಾತವ್ವಾ," ಎಂದು ಅದಕ್ಕೆ ಹೇಳಿದಳು.

ನನ್ನ ಮುಖ ನೋಡಲಿಲ್ಲ.