ಗೋಡೆ ಮೇಲಿನ ಸೈಕಲ್

ಫೋನ್ ಇಟ್ಟವನೇ ಅವನು ಕೆಲಸದ ಚೀಲಕ್ಕೆ ಕೈ ಹಾಕಿದ. ಕಿಟಕಿಯ ಚೌಕಟ್ಟಿಗೆ ಗಾಜು ಕೂರಿಸುವಾಗ ಬಡಿಯುವ ಸಣ್ಣ ಮೊಳೆಯೊಂದನ್ನು ಹುಡುಕಿ ತೆಗೆದ. ಗೋಡೆಯ ಕೊಕ್ಕೆಗೆ ತೂಗುಹಾಕಿದ್ದ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಅದನ್ನಿಟ್ಟು, ಹಲ್ಲು ಕಚ್ಚಿ ಒತ್ತಿ, ಹಿಂದಕ್ಕೆ ಕಿತ್ತ. ಟಯರು ಬುಸ್ಸೆಂದಿತು. ಒಂದು ವರ್ಷ ಕೂಸಿನಂತೆ ಸಾಕಿದ ಕೈಯೇ ಅದರ ಉಸಿರು ತೆಗೆಯಿತು.

"ಸೈಕಲ್ ಇಡೋಕೆ ಈಗ ಜಾಗ ಸಿಕ್ಕಿದೆ. ಮಧ್ಯಾಹ್ನ ಬಂದು ತಗೊಂಡು ಹೋಗ್ತೀನಿ. ಮನೇಲಿರ್ತೀರಾ?" ಎಂದಿದ್ದಳು ಹೆಂಡತಿ. ಬಿಟ್ಟುಹೋದ ಒಂದು ವರ್ಷದಲ್ಲಿ 'ಇರ್ತೀಯಾ' ಹೋಗಿ 'ಇರ್ತೀರಾ' ಆಗಿತ್ತು. ಅಷ್ಟು ಮರ್ಯಾದೆಯನ್ನು ಅವನಿಗೆ ಈ ಜನ್ಮದಲ್ಲಿ ಯಾರೂ ಕೊಟ್ಟಿರಲಿಲ್ಲ. ಅಷ್ಟು ನೋವನ್ನೂ ಕೊಟ್ಟಿರಲಿಲ್ಲ. ಗಾಳಿ ತುಂಬಿದ ಸೈಕಲ್ಲಾದರೆ ಬಾಗಿಲಲ್ಲೇ ನಿಂತು ಈಸಿಕೊಂಡು ಹೊರಟುಬಿಡುತ್ತಾಳೆ. ಪಂಕ್ಚರ್ ಆಗಿದ್ದರೆ, ಹಾಕಿಕೊಡುವವರೆಗೆ ಕೂರಲೇಬೇಕು. ಅರ್ಧ ಗಂಟೆಯಾದರೂ ಹಿಡಿಯುವ ಕೆಲಸ. ಅಷ್ಟರೊಳಗೆ 'ಬಾ' ಎನ್ನುವ ಒಂದಕ್ಷರ ಗಂಟಲಿನಿಂದ ಹೊರಗೆ ಬಿದ್ದೀತು ಎಂಬುದು ಅವನ ಲೆಕ್ಕ.

ಅವನದು ಬೈಯುವ ಸಿಟ್ಟಲ್ಲ, ಬಾಯಿ ಹೊಲಿದುಕೊಳ್ಳುವ ಸಿಟ್ಟು. ಒಂದು ಮಾತು ಹೆಚ್ಚುಕಮ್ಮಿಯಾದರೆ ವಾರಗಟ್ಟಲೆ ತುಟಿ ಬಿಚ್ಚುತ್ತಿರಲಿಲ್ಲ. ಗುಮ್ಮ ಎಂದು ಹೆಸರಿಟ್ಟವಳೇ ಅವಳು. ಮೊದಮೊದಲು ನಗುತ್ತ ಕರೆಯುತ್ತಿದ್ದಳು. ಕೊನೆಗೊಂದು ದಿನ, "ಈ ಮನೇಲಿ ನಿನಗಿಂತ ಸೈಕಲ್ ಬೆಲ್ಲೇ ವಾಸಿ. ಒತ್ತಿದ್ರೆ ಮಾತಾಡುತ್ತೆ" ಎಂದು ಬಟ್ಟೆಬರೆ ಕಟ್ಟಿಕೊಂಡು ತಂಗಿಯ ಮನೆಗೆ ಹೊರಟಳು. ಸೈಕಲ್ ಅವಳದೇ. ಅಲ್ಲಿ ನಿಲ್ಲಿಸಲು ಜಾಗವಿಲ್ಲವೆಂದು ಇಲ್ಲೇ ಬಿಟ್ಟಳು.

ಇಲ್ಲಿ ಮಾತ್ರ ಜಾಗವಿತ್ತೇ? ಕೆಳಗಿನ ನೆರಳೆಲ್ಲ ಕಾರುಗಳಿಗೆ ಬರೆದುಕೊಟ್ಟದ್ದು. ತಿಂಗಳಿಗೊಮ್ಮೆ ಹೊರಡುವ ಕಾರಿಗೂ ಮುಸುಕು ಹೊದಿಸಿ ಮಲಗಿಸುವ ಜನ, ಮೆಟ್ಟಿಲ ಸಂದಿಯಲ್ಲಿ ಒಂದು ಸೈಕಲ್ ನಿಂತದ್ದಕ್ಕೆ ಇಡೀ ಬಿಲ್ಡಿಂಗಿನ ಮಾನ ಹೋಯಿತೆಂದು ಹಾರಾಡಿದರು. ಅಲ್ಲಿಡಬೇಡ, ಇಲ್ಲಿಡಬೇಡ, ಲಿಫ್ಟಿನಲ್ಲಿ ತರಬೇಡ. ಗುಮ್ಮ ಎದುರು ಮಾತಾಡಲಿಲ್ಲ. ಹೆಗಲ ಮೇಲೆ ಹೊತ್ತು ನಾಲ್ಕನೇ ಮಹಡಿ ಹತ್ತಿಸಿ, ಇದ್ದೊಂದು ಕೋಣೆಯ ಗೋಡೆಗೆ ಕೊಕ್ಕೆ ಹೊಡೆದು ತೂಗುಹಾಕಿದ. ಆಮೇಲೆ ಭಾನುವಾರ ಬಂತೆಂದರೆ ಚೈನಿಗೆ ಎಣ್ಣೆ, ರಿಮ್ಮಿಗೆ ಒಣಬಟ್ಟೆ, ಟಯರಿಗೆ ಗಾಳಿ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಪೆಡಲ್ಲು ಹಣೆಗೆ ಬಡಿಯುತ್ತಿತ್ತು. ಬಡಿಯಲಿ ಎಂದು ಹಾಸಿಗೆಯನ್ನು ಸರಿಸಿರಲಿಲ್ಲ.

ಅವಳು ಬಂದಾಗ, ಬಂದ ಕಾರಣವನ್ನು ಕೆಳಗೇ ಕೇಳಿಕೊಂಡ ಬಿಲ್ಡಿಂಗಿನ ಸೆಕ್ರೆಟರಿ ಅಂಕಲ್ ಕೂಡ ಬೆನ್ನಿಗೇ ಏದುಸಿರು ಬಿಡುತ್ತ ಬಂದ.

"ಅಂತೂ ತೊಲಗ್ತಲ್ಲಮ್ಮ ಈ ಶನಿ! ಇಳಿಸೋವಾಗ ಲಿಫ್ಟು ಮಾತ್ರ ಬೇಡ. ಗೀರು ಬೀಳುತ್ತೆ."

"ಹೆಗಲ ಮೇಲೇ ಇಳಿಸ್ತೀವಿ ಅಂಕಲ್. ಬೇಕಾದ್ರೆ ನಿಮ್ಮ ಮೆಟ್ಟಿಲಿಗೂ ಹಾಸಿಗೆ ಹಾಸ್ತೀವಿ" ಎಂದು ಅವಳು ಅಂಕಲ್ ಮುಖದ ಮೇಲೆ ಬಾಗಿಲು ಹಾಕಿದಳು.

ಗುಮ್ಮ ಸೈಕಲ್ ಇಳಿಸಿ, ಹಿಂದಿನ ಚಕ್ರ ಒತ್ತಿ ತೋರಿಸಿದ. "ಪಂಕ್ಚರ್ ಆಗಿದೆ. ಹಾಕ್ಕೊಡ್ತೀನಿ, ಕೂತ್ಕೋ."

"ನೀವು ಬಿಡಿ. ನನಗೂ ಬರುತ್ತೆ."

ಹೌದು, ಅವನೇ ಕಲಿಸಿದ್ದು. ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಚಮಚದ ಹಿಡಿಯಿಂದ ಟಯರ್ ಎಬ್ಬಿಸಿದಳು. ಟ್ಯೂಬ್ ಎಳೆದು, ಪಂಪಿನಿಂದ ಗಾಳಿ ಹೊಡೆದು, ಬಕೆಟ್ ನೀರಿನಲ್ಲಿ ಅದ್ದಿದಳು. ಅವನು ಕೂಡಿಟ್ಟಿದ್ದ ಅರ್ಧ ಗಂಟೆ ಅವಳ ಚುರುಕು ಕೈಯಲ್ಲಿ ಮಂಜಿನಂತೆ ಕರಗತೊಡಗಿತು. 'ಬಾ' ಎಂಬುದು ಗಂಟಲು ದಾಟಿ ಬಂದು, ಮುಚ್ಚಿದ ತುಟಿಗೆ ಬಡಿದು, ಬಂದ ದಾರಿಯಲ್ಲೇ ವಾಪಸು ಹೋಯಿತು.

ನೀರಿನಲ್ಲಿ ಗುಳ್ಳೆ ಎದ್ದಿತು. ತೂತಿನ ಮೇಲೆ ಒಂದು ಬೆರಳಿಟ್ಟುಕೊಂಡೇ ಅವಳು ಇನ್ನೊಂದು ಕೈಯನ್ನು ಟಯರಿನ ಒಳಗೆಲ್ಲ ಆಡಿಸಿದಳು. ಚುಚ್ಚಿದ್ದು ಅಲ್ಲೇ ಇದ್ದರೆ ಮತ್ತೆ ಚುಚ್ಚುತ್ತದಲ್ಲ. ಮುಳ್ಳಿಲ್ಲ, ಮೊಳೆಯಿಲ್ಲ, ಗಾಜಿನ ಚೂರೂ ಇಲ್ಲ.

"ಎಲ್ಲಿ ಓಡಿಸಿದ್ರಿ ಇದನ್ನ?"

"ಎಲ್ಲೂ ಇಲ್ಲ."

"ಒಂದು ದಿನಾನೂ?"

"ಕೆಳಗೇ ಇಳಿಸಿಲ್ಲ."

"ಮತ್ತೆ ಗೋಡೆ ಮೇಲಿರೋ ಸೈಕಲ್ಲು ಹೇಗೋ ಪಂಕ್ಚರ್ ಆಗುತ್ತೆ, ಗುಮ್ಮ? ಹಲ್ಲಿ ಬಂದು ಕಚ್ಚಿತಾ?"

ಅವನ ಕಿವಿ ಬಿಸಿಯಾಯಿತು. ಅವಳು ಸುಮ್ಮನೆ ಚೈನಿನ ಮೇಲೆ ಬೆರಳಾಡಿಸಿದಳು. ಹೊಸ ಎಣ್ಣೆ ಹತ್ತಿತು. ಬೆರಳನ್ನು ನೋಡಿದಳು. ಗೋಡೆಯ ಕೊಕ್ಕೆಯನ್ನೂ, ಸರಿಯಾಗಿ ಅದರ ಕೆಳಗೇ ಹಾಸಿದ್ದ ಹಾಸಿಗೆಯನ್ನೂ ನೋಡಿದಳು.

ಟ್ಯೂಬ್ ಒರೆಸಿ, ತೂತಿನ ಸುತ್ತ ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ಸವರಿದಳು. ಇನ್ನೇನು, ಅದು ಒಣಗಿ ತೇಪೆ ಅಂಟಿಸಿದರೆ ಆಯಿತು, ಹೊರಟೇಬಿಡುತ್ತಾಳೆ. ಬೇಗ ಒಣಗಲೆಂದು ಬಾಯಿಂದ ಊದುವುದು ಪಂಕ್ಚರ್ ಹಾಕುವವರೆಲ್ಲರ ಅಭ್ಯಾಸ. ಮಾತಿಗೆ ತೆರೆಯದ ಗುಮ್ಮನ ಹಾಳು ಬಾಯಿ ಆ ಅಭ್ಯಾಸಕ್ಕೆ ಮಾತ್ರ ತಾನಾಗಿ ತೆರೆಯಿತು. ಅವನು ಬಗ್ಗಿ ತುಟಿ ಮುಂದೆ ಮಾಡಿದ.

ಅವಳು ಟ್ಯೂಬಿಗೆ ಅಂಗೈ ಅಡ್ಡ ಹಿಡಿದಳು.

"ಊದ್ಬೇಡ. ಅದರ ಪಾಡಿಗೆ ಅದು ಒಣಗಲಿ."