ಐದನೆಯ ಬೆನ್ನು

ಇಂದ್ರಾಣಿಯವರು ಇಪ್ಪತ್ತು ವರ್ಷದಿಂದ ಡ್ಯಾಷ್‌ಹಂಡ್ ನಾಯಿಗಳನ್ನು ಸಾಕಿ ಮರಿ ಮಾಡಿಸುತ್ತಿದ್ದರು. ಅವರು ಕೊಟ್ಟ ಮರಿಗಳಲ್ಲಿ ಮೂರು ಮರಿಗಳು, ತಮಗೆ ನಾಲ್ಕು ವರ್ಷ ತುಂಬುವಷ್ಟರಲ್ಲಿ ಹಿಂಗಾಲು ಎಳೆಯತೊಡಗಿದವು. ಅದು ಬೆನ್ನುಮೂಳೆಯ ಡಿಸ್ಕ್ ಕೆಡುವ, ವಂಶದಲ್ಲೇ ಬರುವ ಕಾಯಿಲೆ ಎಂದು ತಿಳಿದ ಮೇಲೆ, ಪರೀಕ್ಷೆ ಮಾಡಿಸದೆ ಇನ್ನೊಂದು ಮರಿಯನ್ನೂ ಹುಟ್ಟಿಸಬಾರದೆಂದು ನಿರ್ಧರಿಸಿದರು. ಯಾವುದಕ್ಕೆ ಕಾಯಿಲೆ ಇದೆಯೋ ಗೊತ್ತಾಗಲಿ ಎಂದು ಮನೆಯ ಐದೂ ನಾಯಿಗಳನ್ನು ಪಶುವೈದ್ಯರ ಬಳಿ ಕರೆತಂದರು.

ಡಾಕ್ಟರು ಎಕ್ಸ್‌ರೇಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು.

“ಇಲ್ಲಿ ನೋಡಿ, ಆರು ಡಿಸ್ಕ್ ಸುಣ್ಣ ಕಟ್ಟಿದೆ. ಇದಕ್ಕೆ ಮರಿ ಮಾಡಿಸ್ಬೇಡಿ.”

“ರೋಸಿದು?”

“ಅದಕ್ಕೂ ಬೇಡ.”

ಮೂರನೆಯದೂ ನಾಲ್ಕನೆಯದೂ ಹಾಗೆಯೇ ಆಯಿತು. ಇಂದ್ರಾಣಿ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಹಾಗಾದ್ರೆ ನನ್ನ ತಳಿ ಇಲ್ಲಿಗೆ ಮುಗೀತು ಅನ್ನಿ.”

“ತಡೀರಿ, ಬೆಲ್ಲಿದು ಇನ್ನೂ ನೋಡಿಲ್ಲ.”

ಡಾಕ್ಟರು ಐದನೆಯದನ್ನು ಬಹಳ ಹೊತ್ತು ನೋಡಿದರು. ಅವರ ಮುಖ ಅರಳಿತು.

“ಒಂದು ಡಿಸ್ಕೂ ಕೆಟ್ಟಿಲ್ಲ ಇಂದ್ರಾಣಿಯವ್ರೇ! ಈ ಜಾತೀಲಿ ಇಷ್ಟು ಚೆನ್ನಾಗಿರೋ ಬೆನ್ನು ನಾನು ನೋಡೇ ಇಲ್ಲ. ಇವಳಿಂದಲೇ ಮತ್ತೆ ಶುರು ಮಾಡಿ.”

ಇಂದ್ರಾಣಿ ಮೇಜಿನ ಕೆಳಗೆ ಮಲಗಿದ್ದ ಬೆಲ್ಲಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು.

“ಇವಳ ಬಾಲ ಸೊಟ್ಟ ಡಾಕ್ಟ್ರೇ. ಮರಿಗಳಿಗೂ ಹಾಗೇ ಬಂದ್ರೆ ಯಾರೂ ತಗೊಳ್ಳಲ್ಲ ಅಂತ, ಹೋದ ವರ್ಷವೇ ಗರ್ಭಕೋಶ ತೆಗೆಸಿಬಿಟ್ಟೆ.”