ಕಾಯಿಲೆಯಿಲ್ಲದ ಅಕ್ಕ

ಮನಸ್ಸು ಒಮ್ಮೆ ಉಬ್ಬಿ ಒಮ್ಮೆ ಕುಸಿಯುವ ಬೈಪೋಲಾರ್ ಕಾಯಿಲೆಯ ವಂಶವಾಹಿ ಹುಡುಕುತ್ತಿದ್ದ ಡಾಕ್ಟರಿಗೆ ಮಾದೇಶನ ರಕ್ತ ಸಿಕ್ಕಿತ್ತು. ಹೋಲಿಸಿ ನೋಡಲು ಅದೇ ಮನೆಯ, ಕಾಯಿಲೆಯಿಲ್ಲದ ಇನ್ನೊಬ್ಬರು ಬೇಕಿತ್ತು. ಅಕ್ಕ ಪಂಕಜಾ ತೋಳು ಚಾಚಿದಳು.

"ನಿಮಗೆ ನಿದ್ದೆ ಬರುತ್ತಾ?"

"ಚೆನ್ನಾಗಿ ಬರುತ್ತೆ ಸಾರ್."

"ಸಾಯಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ?"

"ಛೆ, ನನಗ್ಯಾಕೆ ಸಾರ್?"

ಇದೇ ಕಾಯಿಲೆಯಲ್ಲಿ ಅಮ್ಮ ಹೋದಮೇಲೆ, ಮನೆಯಲ್ಲಿ ಒಬ್ಬರಾದರೂ ನೆಟ್ಟಗಿರಬೇಕಿತ್ತು.

"ತಮ್ಮನಿಗೆ ಯಾಕಮ್ಮ ಮತ್ತೆ ಜಾಸ್ತಿಯಾಗಿದೆ? ಮಾತ್ರೆ ಸರಿಯಾಗಿ ತಗೋತಿದ್ದಾನಾ?"

"ಡಬ್ಬಿ ಖಾಲಿಯಾಗ್ತಾನೇ ಇದೆ ಸಾರ್," ಎಂದು ಪಂಕಜಾ ತಲೆ ತಗ್ಗಿಸಿದಳು.

ಪಕ್ಕದಲ್ಲೇ ಕೂತಿದ್ದ ಮಾದೇಶ ಅವಳ ಕೈ ಹಿಡಿದುಕೊಂಡ.

"ಹೇಳಿಬಿಡಕ್ಕಾ. ನನ್ನ ಮಾತ್ರೆ ನೀನು ಕದ್ದು ನುಂಗೋದು ನನಗೆ ಗೊತ್ತು. ನಿನಗೂ ಸಾಲಲಿ ಅಂತಾನೇ ನಾನು ದಿನ ಬಿಟ್ಟು ದಿನ ತಗೋತಿದ್ದೀನಿ."